ನಲವತ್ತೇಳನೇ ಹಲ್ಲು

ಕೋಟೆ ಆಸ್ಪತ್ರೆಯಿಂದ ಹಲ್ಲುಗಳು ಬರುತ್ತವೆ
ಹಾರ್ಲಿಕ್ಸ್ ಬಾಟಲಿಯಲ್ಲಿ, ನೀರಲ್ಲಿ ಮುಳುಗಿ,
ಮುನಿವೆಂಕಟಪ್ಪನ ತೊಡೆಯ ಮೇಲೆ ಕೂತು
ಮಾರ್ಕೆಟ್ಟಿಂದ ಯಶವಂತಪುರದವರೆಗೆ.
ಕಂಡಕ್ಟರ್ ಕೇಳಿದನಂತೆ: ಲಗೇಜಾ?
ಇವನೆಂದನಂತೆ: ಇಲ್ಲ ಸ್ವಾಮಿ, ಅರವತ್ತು ಜನ.

ಯಾರ ಹಲ್ಲೋ. ಒಂದರ ಮೇಲೆ ಎಲೆಅಡಿಕೆಯ ಕೆಂಪು,
ತೊಳೆದರೂ ಹೋಗಿಲ್ಲ. ಇನ್ನೊಂದರ ಬೇರು
ಕೈ ಮುಗಿದ ಹಾಗೆ ಕೂಡಿಕೊಂಡಿದೆ.
ಹೆಸರು ಕೇಳುವುದಿಲ್ಲ, ನಂಬರು ಬರೆಯುತ್ತೇನೆ,
ಕುಳಿ ಕೊರೆದು ನಮ್ಮ ಹೊಸ ರಾಳವನ್ನು
ಅಕ್ಕಿಕಾಳಿನಷ್ಟಷ್ಟೇ ತುಂಬುತ್ತೇನೆ.
ಒಟ್ಟಿಗೆ ತುಂಬಿದರೆ ಗಟ್ಟಿಯಾಗುವಾಗ ಕುಗ್ಗುತ್ತದೆ,
ಕುಗ್ಗಿದರೆ ಅಂಚಿನಲ್ಲಿ ಸಂದು,
ಸಂದಿನಲ್ಲಿ ನಾಳೆಯ ಹುಳುಕು.
ಮೇಲೆ ನೀಲಿ ಬೆಳಕು, ಇಪ್ಪತ್ತು ಸೆಕೆಂಡು.
ಕಿತ್ತಳೆ ಕನ್ನಡಕದೊಳಗಿಂದ
ನಮ್ಮ ಲ್ಯಾಬಿಗೆ ಸದಾ ಸಂಜೆ.

ಗಾಜಿನ ಪುಡಿ ತಾನಾಗಿ ರಾಳವನ್ನು ಹಿಡಿಯುವುದಿಲ್ಲ.
ನಡುವೆ ಸಿಲೇನ್ ಬೇಕು,
ಒಂದು ಕೈ ಅತ್ತ, ಒಂದು ಕೈ ಇತ್ತ,
ಎರಡೂ ಮನೆಯ ಊಟ ಉಂಡು
ಯಾರ ಗುಟ್ಟೂ ಬಿಡದ ನಮ್ಮ ಸೋದರತ್ತೆಯಂಥದು.

ಆಮೇಲೆ ಅಗಿಯುವ ಯಂತ್ರ. ಅದಕ್ಕೆ ಹಸಿವಿಲ್ಲ,
ದವಡೆ ಮಾತ್ರ.
ಐದು ಡಿಗ್ರಿ ನೀರು, ಐವತ್ತೈದು ಡಿಗ್ರಿ ನೀರು,
ಐಸ್‌ಕ್ರೀಮು, ಬೈಟೂ ಕಾಫಿ, ಐಸ್‌ಕ್ರೀಮು, ಬೈಟೂ ಕಾಫಿ,
ಟಕ್ ಟಕ್ ಟಕ್, ರಾತ್ರಿಯಿಡೀ.
ಕರೆಂಟು ಹೋದರೆ ಬಾಯಿ ತೆರೆದು ನಿಲ್ಲುತ್ತದೆ,
ಮುನಿವೆಂಕಟಪ್ಪ ಜನರೇಟರಿಗೆ ಓಡುತ್ತಾನೆ.

ಮೂರು ಲಕ್ಷದ ಹನ್ನೆರಡು ಸಾವಿರ ಸಲ ಅಗಿದ ಮೇಲೆ
ನಲವತ್ತೇಳನೇದು ಒಡೆಯಿತು.
ಸೂಕ್ಷ್ಮದರ್ಶಕದ ಕೆಳಗಿಟ್ಟೆವು.
ಫಿಲ್ಲಿಂಗಿಗೆ ಏನೂ ಆಗಿರಲಿಲ್ಲ, ಒಂದು ಗೀರೂ.
ಒಡೆದದ್ದು ಹಲ್ಲು.
ಆ ಎಲೆಅಡಿಕೆಯ ಕೆಂಪಿನದೇ, ಸೀಳಿ ಎರಡಾಗಿ,
ನಮ್ಮ ಬಿಳೀ ಹೆಮ್ಮೆ ಒಂಟಿಯಾಗಿ ನಿಂತಿತ್ತು
ಗೋಡೆ ಬಿದ್ದ ಮೇಲೂ ನಿಂತ ಬಾಗಿಲ ಹಾಗೆ.

ನಾನು ಚಪ್ಪಾಳೆಗೆ ಕೈ ಎತ್ತಿದ್ದೆ.
ಫಿಲೋಮಿನಾ ಮೇಡಂ ಕನ್ನಡಕ ತೆಗೆದರು:
"ಇಷ್ಟು ಮೊಂಡು ಬೇಡ ಕಣೇ.
ಹಲ್ಲು ಬಾಗುವಷ್ಟು ಇದೂ ಬಾಗಬೇಕು."
ಗಾಜು ಎಷ್ಟು ಕಡಿಮೆ ಎಂದು ಹೇಳಲಿಲ್ಲ.
ಸೋತದ್ದು ಯಾರು ಎಂಬ ಕಾಲಂ
ನಮ್ಮ ಪುಸ್ತಕದಲ್ಲಿರಲಿಲ್ಲ; ಗೀಟೆಳೆದು ಮಾಡಿಕೊಂಡೆ.

ಸಂಜೆ ಗೇಟಿನಾಚೆ ಹುರಿದ ಕಡಲೆಕಾಯಿ, ಪೊಟ್ಟಣಕ್ಕೆ ಹತ್ತು.
ಮುನಿವೆಂಕಟಪ್ಪನಿಗೆ ಮುಂದಿನ ನಾಲ್ಕಿಲ್ಲ,
ಜೇಬಿಗಿಟ್ಟುಕೊಳ್ಳುತ್ತಾನೆ, ಮೊಮ್ಮಗಳಿಗೆ.
ನಾನು ಎಡಗಡೆಯೇ ಅಗಿಯುತ್ತೇನೆ.
ಬಲಗಡೆ, ಕೆಳಗೆ, ಎರಡನೇ ದವಡೆಹಲ್ಲಿನಲ್ಲಿ
ಎರಡು ವರ್ಷದ ಕುಳಿ.
ನಾಲಗೆ ದಿನಕ್ಕೆ ನೂರು ಸಲ ಅಲ್ಲಿಗೆ ಹೋಗಿ
ಇನ್ನೂ ಆಗಲಿಲ್ಲವಾ ಎಂದು ಕೇಳಿ ಬರುತ್ತದೆ.