ಏಳನೇ ಗುಂಡಿ

ದಾವಣಗೆರೆಯಲ್ಲಿ ನಮ್ಮ ಕಂಪನಿ ಕ್ಯಾಂಪು ಹಾಕಿ
ಇವತ್ತಿಗೆ ನಲವತ್ತೊಂದನೇ ದಿನ.
ರಿದಂ ಪ್ಯಾಡಿನಲ್ಲಿ ನನಗೆ ಎಂಟು ಗುಂಡಿ:
ಒಂದು ಗುಡುಗು, ಎರಡು ಕುದುರೆ, ಮೂರು ಕಪಾಳದ ಏಟು,
ಏಳನೆಯದು ಹುಚ್ಚಂಗೆಪ್ಪನ ಹೊಟ್ಟೆ.

ಎರಡನೇ ಅಂಕದಲ್ಲಿ ಹೆಣ್ಣು ನೋಡಲು ಬಂದವನು ಅವನು.
ಉಪ್ಪಿಟ್ಟು ಬಾಯಿಗಿಡುತ್ತಲೇ ಮುಖ ಹುಳ್ಳಗೆ,
ಪಂಚೆ ಎತ್ತಿ, ತಂಬಿಗೆ ಕಸಿದು, ಓಟ.
ನಾನು ಏಳನ್ನು ಒತ್ತುತ್ತೇನೆ.
ಮಂಡಿಪೇಟೆ ಹಮಾಲರು, ಟಿಕೆಟ್ಟಿಲ್ಲದ ಪೊಲೀಸರು
ಕುರ್ಚಿ ಬಡಿದು ನಗುತ್ತಾರೆ.
ಮಾಲೀಕರ ಮಾತು:
"ಬೇಕಾದ್ರ ಹಾಡು ಕಡಿಮಿ ಮಾಡು, ತಂಬಿಗಿ ಸೀನು ಮುಟ್ಟಬ್ಯಾಡ."

ಅದಕ್ಕೂ ಮುಂಚೆ, ಮೊದಲನೇ ಅಂಕದಲ್ಲಿ,
ತಾಯಿ ಪಾತ್ರದ ಚನ್ನವೀರಮ್ಮ ಸೆರಗು ಬಾಯಿಗೊತ್ತಿ
"ನನ್ನ ಕರುಳ ಕುಡಿಯೇ" ಅಂದರೆ
ಇದೇ ಜನ ಮೂಗು ಒರೆಸಿಕೊಳ್ಳುತ್ತದೆ.
ಆ ಕರುಳಿಗೆ ನಾನು ಪಿಟೀಲು ಕೊಡುತ್ತೇನೆ, ಐದನೇ ಗುಂಡಿ.
ನಾಯಕ ಕೆಮ್ಮಿದರೆ ಕೊಳಲು,
ಎದೆ ಹಿಡಿದುಕೊಂಡರೆ ಬೆಳಕು ಕೆಂಪು.
ನಾಟಕ ಬರೆದ ಮೇಷ್ಟ್ರು
ಯಾರನ್ನೂ ಹೊಟ್ಟೆ ಕಾಯಿಲೆಯಿಂದ ಸಾಯಿಸಿಲ್ಲ.

ನನ್ನದು ದೊಡ್ಡ ಕರುಳು, ಆರು ವರ್ಷದ ಹುಣ್ಣು.
ಡಾಕ್ಟರು ಹಾಳೆಯ ಮೇಲೆ ಬಾಗಿಲ ಚೌಕಟ್ಟಿನಂಥದ್ದು ಬರೆದು
ಅದರ ಎಡಗಂಬಕ್ಕೆ ಚುಕ್ಕಿಗಳಿಟ್ಟು
"ಇಲ್ಲಿ. ಹೋಗೋದಲ್ಲ ಇದು, ಜೊತೆಗಿಟ್ಕೊಂಡು ಬಾಳಬೇಕು" ಅಂದರು.
ಮಾತ್ರೆಗೆ ಊದಿದ ಕೆನ್ನೆ ನೋಡಿ ಕಂಪನಿಯವರು
"ದಾವಣಗೆರಿ ಬೆಣ್ಣಿ ಹಿಡಿಸ್ತು ಪೀರೂಗ" ಅಂದರು.
ನಾನೂ ನಕ್ಕೆ. ಮಿರ್ಚಿ ಮಂಡಕ್ಕಿ ಪೊಟ್ಟಣ ಮೂಸಿ
ಪಕ್ಕದವನಿಗೆ ದಾಟಿಸಿದೆ.

ಈ ಊರು ನನಗೂ ಗೊತ್ತು, ಬೇರೆ ಥರ:
ಅಶೋಕ ರಸ್ತೆ ರೈಲ್ವೆ ಗೇಟು ಬಿದ್ದರೆ ಎಷ್ಟು ನಿಮಿಷ,
ಬಸ್‌ಸ್ಟ್ಯಾಂಡಿನ ಐದು ರೂಪಾಯಿಯವನು ಎಷ್ಟೊತ್ತಿಗೆ ಬೀಗ ಹಾಕುತ್ತಾನೆ,
ಯಾವ ಬಟ್ಟೆ ಅಂಗಡಿಯ ಸೇಠು
ಏನೂ ಕೇಳದೆ ಹಿಂಬಾಗಿಲು ತೋರಿಸುತ್ತಾನೆ.

ನಿನ್ನೆ ಎರಡನೇ ಆಟ.
ಹುಚ್ಚಂಗೆಪ್ಪ ಉಪ್ಪಿಟ್ಟಿಗೆ ಕೈ ಹಾಕುವ ಮೊದಲೇ
ನನಗೆ ಬಂತು.

ತಗಡಿನ ಮರೆಯಲ್ಲಿ ಕೂತು ಕೇಳಿಸಿಕೊಂಡೆ:
ಉಪ್ಪಿಟ್ಟಾಯಿತು. ತಂಬಿಗೆ ಠಣ್ ಅಂತು. ಏಳು ಬರಲಿಲ್ಲ.
ಟೆಂಟಿನೊಳಗೆ ಏನೂ ಇಲ್ಲದ ಒಂದು ಗಳಿಗೆ.
ಸದ್ದಿಲ್ಲದೆ ಹೊಟ್ಟೆ ಹಿಡಿದು ಬಗ್ಗಿದ ಗಂಡಸು
ಹೇಗೆ ಕಾಣುತ್ತಾನೋ, ನಾನಂತೂ ಕನ್ನಡಿಯಲ್ಲಿ ನೋಡಿಕೊಂಡವನಲ್ಲ.
ನೋಡಿದ್ದು ಆ ಮುನ್ನೂರು ಜನ.
ಯಾರೋ ಹೆಂಗಸು "ಅಯ್ಯ, ಪಾಪ" ಅಂದಳು.
ಅಷ್ಟರಲ್ಲಿ ಅವನೇ ಬಾಯಿಂದ ಬುರ್ರೆಂದ.
ನನ್ನ ಬೆನ್ನಿಗೆ ಆನಿದ್ದ ತಗಡು
ನಗೆಗೆ ಅದುರಿತು.

"ಎಲ್ಲಿ ಹಾಳಾಗಿ ಹೋಗಿದ್ಯಲೇ?" ಕೇಳಿದ, ಬಣ್ಣ ಒರೆಸುತ್ತ.
ಫೋನ್ ಬಂದಿತ್ತು ಅಂದೆ.
ತಂಬಿಗೆ ಇನ್ನೂ ಅವನ ಕಂಕುಳಲ್ಲೇ ಇತ್ತು.
ಇಸಕೊಂಡು ಪೆಟ್ಟಿಗೆಗೆ ಹಾಕಿದೆ.
ಎಷ್ಟು ಹಗುರ.
ಇಷ್ಟು ವರ್ಷ ಓಡಿದೆ, ಒಂದು ದಿನವೂ
ಯಾರೂ ಅದಕ್ಕೆ ನೀರು ತುಂಬಿದ್ದಿಲ್ಲ.