ಬಟ್ಟೆಯ ತೂಕ ಕಳೆದು

ಒಂದು ಕಿಲೋ ಏಳುನೂರ ನಲವತ್ತು.
ತಕ್ಕಡಿಯ ಕೆಂಪು ಅಂಕೆ ನಿಲ್ಲುವ ಮೊದಲೇ
ಚಿಮ್ಮಿ ಕೇಳಿದಳು: "ಬಟ್ಟೆ ಕಳೆದಿರಾ, ಸಿಸ್ಟರ್?"

ಕಳೆದಿರಲಿಲ್ಲ.
ವಿರಾಜಪೇಟೆಯ ಈ ವಾರ್ಡಿನಲ್ಲಿ ಹನ್ನೆರಡು ವರ್ಷ,
ಯಾವ ಬಾಣಂತಿಯೂ ಹಾಗೆ ಕೇಳಿದ್ದಿಲ್ಲ.
ಪಾಲಿಬೆಟ್ಟದ ಲೈನ್‌ಮನೆಯವಳು,
ಸಂಜೆ ಸಂಜೆ ರೈಟರು ಚೀಲದ ಲೆಕ್ಕಕ್ಕೆಂದು
ಎರಡು ಕಿಲೋ ಹೊಡೆಯುವುದನ್ನು ನೋಡುತ್ತ ಬೆಳೆದವಳು.
ಬಟ್ಟೆ ಬಿಚ್ಚಿ ಮತ್ತೆ ಮಲಗಿಸಿದೆ.
ಒಂದು ಕಿಲೋ ಆರುನೂರ ಎಂಬತ್ತು.
"ಈಗ ಸರಿ" ಎಂದಳು,
ಕಳ್ಳನನ್ನು ಹಿಡಿದುಕೊಟ್ಟವಳ ದನಿಯಲ್ಲಿ.

ಮೂರನೆಯ ದಿನ ಹಿಮ್ಮಡಿ.
ಬೆಚ್ಚನೆ ಬಟ್ಟೆ ಸುತ್ತಿ ಕಾಯಿಸಿ
ಪಾದದ ಅಂಚಿಗೆ ಚುಚ್ಚಬೇಕು, ನಡುವಿಗೆ ಕೂಡದು.
ಮೊದಲ ಹನಿ ಒರೆಸಿಬಿಡಬೇಕು.
ಎರಡನೆಯದು ತಾನಾಗಿ ದುಂಡಗಾಗುವವರೆಗೆ
ಕಾಯಬೇಕು, ಹಿಂಡಬಾರದು.
ಹಿಂಡಿದ ದಿನಗಳೂ ಇವೆ ನನ್ನ ಲೆಕ್ಕದಲ್ಲಿ.
ಕಾರ್ಡಿನ ಮೇಲೆ ನಾಲ್ಕು ವೃತ್ತ;
ಈ ಹಿಮ್ಮಡಿಯೋ ನನ್ನ ಹೆಬ್ಬೆರಳ ಉಗುರಿನಷ್ಟು.
ಮೂರು ತುಂಬಿತು. ನಾಲ್ಕನೆಯದು
ಹುಣ್ಣಿಮೆಗೆ ಎರಡು ದಿನ ಬಾಕಿಯಿರುವಂತೆ ಉಳಿಯಿತು.

ಗಿಡದಲ್ಲಿ ನೆರಳು, ಕಣದಲ್ಲಿ ಬಿಸಿಲು ಬೇಡುತ್ತದೆ ಕಾಫಿ.
ಈ ನಾಲ್ಕು ಹನಿಗೆ ಒಣಗಲಿಕ್ಕೂ ನೆರಳೇ ಬೇಕು.
ಕಿಟಕಿಯಿಂದ ದೂರ ಇಟ್ಟೆ,
ಮೇಲೆ ಹೆಸರು ಬರೆದೆ: ಚಿಮ್ಮಿಯ ಕೂಸು, ಹೆಣ್ಣು.
ತೂಕದ ಜಾಗದಲ್ಲಿ, ಕಳೆದು.

ಹತ್ತು ದಿನ ಎದೆಗೆ ಕಟ್ಟಿಕೊಂಡಿದ್ದು, ಕೂಸು ಹಾಲು ಹಿಡಿದ ಮೇಲೆ
ಅವಳು ಹೋದಳು.
ಮಾರನೆಯ ದಿನ ಉತ್ತರ ಬಂತು: ಎಲ್ಲವೂ ಮಿತಿಯೊಳಗೆ.

"ಸಣ್ಣವರ ರಕ್ತ ತಡವಾಗಿ ಮಾತಾಡುತ್ತದೆ,"
ಡಾಕ್ಟರ್ ದೇಚಮ್ಮ ಹೇಳುತ್ತಿರುತ್ತಾರೆ.
"ಕೆಲವು ಅಂಕೆ ಸುಮ್ಮನೇ ಏರಿ ಹೆದರಿಸುತ್ತವೆ.
ಥೈರಾಯ್ಡು ಹಾಗಲ್ಲ, ಕತ್ತಿನಲ್ಲಿ ಅದು ಕೈಕೊಟ್ಟದ್ದು
ತಲೆಗೆ ತಿಳಿಯಲಿಕ್ಕೇ ವಾರಗಟ್ಟಲೆ ಬೇಕು.
ಮೊದಲ ಕಾರ್ಡು ಸುಳ್ಳು ಹೇಳಿರುವುದಿಲ್ಲ ಕಣೇ,
ಅದಕ್ಕಿನ್ನೂ ಗೊತ್ತಿರುವುದಿಲ್ಲ."
ಎರಡು ಕಿಲೋಗೆ ಕಡಿಮೆಯಿದ್ದರೆ
ಎರಡು ವಾರಕ್ಕೆ ಇನ್ನೊಮ್ಮೆ.

ಅಮ್ಮತ್ತಿಯಲ್ಲೊಬ್ಬ ಹುಡುಗ ಇದ್ದಾನೆ, ಏಳು ವರ್ಷ.
ಬಸ್ಸು ಹೋದ ಮೇಲೆ ಕೈ ಬೀಸುತ್ತಾನೆ.
ಅವನದೂ ಒಂದು ಕಾರ್ಡಿತ್ತು, ಮಿತಿಯೊಳಗೆ.
ಎರಡನೆಯದನ್ನು ಯಾರೂ ಕೇಳಲಿಲ್ಲ.
ಯಾರೂ ಎಂದರೆ, ನಾನು.

ಲೈನ್‌ಮನೆಗೆ ಬೀಗ.
ಬೇರೆ ತೋಟಕ್ಕೆ ಹೋದರು ಎಂದರು, ಯಾವುದೆಂದು ಹೇಳಲಿಲ್ಲ.
ಆಶಾ ರುಖಿಯಾಳ ಸ್ಕೂಟರಿನ ಹಿಂದೆ
ಮೂರು ತೋಟ, ಎರಡು ಗೇಟು, ಒಬ್ಬ ವಾಚರು:
"ಆನೆ ಇಳಿದಿದೆ, ನಾಲ್ಕರೊಳಗೆ ವಾಪಸು ಬನ್ನಿ."

ಸಿಕ್ಕಿದಳು.
ಗಂಡನ ಚೀಲ ತೂಗುವಲ್ಲಿ
ಕೂಸನ್ನು ಎದೆಗೆ ಕಟ್ಟಿ ನಿಂತು
ರೈಟರ ಕೈಯನ್ನೇ ನೋಡುತ್ತಿದ್ದಳು.

"ಮತ್ತೆ ಯಾಕೆ ಚುಚ್ಚೋದು? ಆವತ್ತಿನ ತೂಕ ತಪ್ಪಾ?"
"ಸರಿಯಿತ್ತು. ಕಡಿಮೆಯಿತ್ತು, ಅದಕ್ಕೇ ಎರಡು ಸಲ."
"ಭಾರ ಇದ್ದವರಿಗೆ?"
"ಒಂದೇ."
ಚೀಲದ ಕಡೆ ನೋಡಿದಳು, ನನ್ನ ಕಡೆ ನೋಡಿದಳು.
"ಹಗುರ ಇದ್ದವರಿಗೆ ಜಾಸ್ತಿ ಕೊಡೋ ತಕ್ಕಡಿ
ಇದೊಂದೇ" ಎಂದು
ಸೀರೆಯೊಳಗಿಂದ ಒಂದು ಪಾದ ಹೊರಗೆ ತೆಗೆದಳು.
ರೈಟರು ಕಾರ್ಡಿಗೆ ನೆರಳಾಗಿ ಕೊಡೆ ಹಿಡಿದರು, ಪಾಪ.
ನಾಲ್ಕೂ ತುಂಬಿದವು.

ಗುರುವಾರ ಫೋನು: ಈ ಸಲ ಅಂಕೆ ಎದ್ದು ನಿಂತಿದೆ.
ಸೂಜಿ ಮತ್ತೆ, ಈ ಸಲ ಕೈಯ ನರಕ್ಕೆ; ಅದೇ ಉತ್ತರ.
ಆಮೇಲೆ ದಿನಾ ಬೆಳಿಗ್ಗೆ
ಗುಳಿಗೆಯ ಒಂದು ಚೂರು
ಅವಳದೇ ಹಾಲಿನಲ್ಲಿ ಅರೆದು, ಒಳಲೆಯಲ್ಲಿ.
ಮರೆತರೆ? ಎಂದು ಕೇಳಿದೆ.
ಕೂಲಿ ಬರೆಯುವ ಪುಸ್ತಕ ತೆರೆದು ತೋರಿಸಿದಳು:
ಅಕ್ಷರ ಬಾರದವಳ ಸಾಲು ಸಾಲು ಗೀಟು,
ಬೆಳಿಗ್ಗೆಗೊಂದು.

ಮೊನ್ನೆ ಬಂದಿದ್ದಳು, ಮೂರು ತಿಂಗಳಿಗೆ.
ನಾನು ಹೇಳುವ ಮೊದಲೇ ಅಂಗಿ ಬಿಚ್ಚಿದಳು,
ಟೊಪ್ಪಿ, ಕರಿಮಣಿಯ ಬಳೆ, ಕಾಲಿನ ಗೆಜ್ಜೆ ಎಲ್ಲ ತೆಗೆದಳು.
ಉಡುದಾರಕ್ಕೆ ಕೈ ಹಾಕಿ ನಿಲ್ಲಿಸಿದಳು.
"ಇದು ಇರಲಿ ಸಿಸ್ಟರ್,
ಇದನ್ನೂ ಅವಳ ಲೆಕ್ಕಕ್ಕೇ ಬರೆದುಕೊಳ್ಳಿ."