ತಾಳೆ

ರಸ್ತೆ ಇಲಾಖೆಯ ನಕ್ಷೆಯಲ್ಲಿ ಸೇತುವೆ ಇದೆ.
ತುರ್ತುಸೇವೆಯವರ ನಕ್ಷೆಯಲ್ಲಿ
ಮೂರು ವರ್ಷದ ಹಿಂದೆಯೇ ಕೊಚ್ಚಿಹೋಗಿದೆ.
ನಮ್ಮದರಲ್ಲಿ, ಭೂದಾಖಲೆಯಲ್ಲಿ,
ಸೇತುವೆಗೆ ಖಾತೆಯಿಲ್ಲ, ಕಂದಾಯವಿಲ್ಲ,
ಹಾಗಾಗಿ ಅದು ಎಂದೂ ಇರಲೇ ಇಲ್ಲ.

ಫೆಬ್ರವರಿ. ನಾರಿನ್ ಪ್ರಾಂತ್ಯದ ರಾತ್ರಿ, ಮೈನಸ್ ಇಪ್ಪತ್ತೆಂಟು.
ಆಂಬುಲೆನ್ಸಿನ ತೊಕ್ತೊಸುನ್
ಪರದೆಯ ನೀಲಿ ಗೆರೆ ನಂಬಿ ಬಂದ.
ಗೆರೆ ನದಿ ದಾಟಿತು, ಗಾಡಿ ದಾಟಲಿಲ್ಲ.
ಹೆಡ್‌ಲೈಟಿಗೆ ಸಿಕ್ಕಿದ್ದು ಎರಡು ಕಂಬ,
ಕಂಬದಾಚೆ ಹಬೆಯಾಡುವ ಕಪ್ಪು ನೀರು.

ಆಚೆ ದಡದವರು ಹೆಪ್ಪುಗಟ್ಟಿದ ಜಾಗ ತಡವಿ ತಡವಿ
ಬುರುಲ್ಚಾಳನ್ನು ಜಾರುಬಂಡಿಯಲ್ಲಿ ಎಳೆದು ತಂದರು.
ಇವನು ಈಚೆಯಿಂದ, ದೇವರ ಹೆಸರು ಹೇಳಿ,
ನದಿ ನಡುವಿನ ಜಲ್ಲಿದಿಬ್ಬಕ್ಕೆ ಗಾಡಿ ಇಳಿಸಿದ.
ಮಗು ಅಲ್ಲೇ ಹುಟ್ಟಿತು.
ಗಂಡು. ಮೂರು ಕಿಲೋ ನೂರು ಗ್ರಾಂ.
ದಾರಿಯಲ್ಲಿ ಹುಟ್ಟಿದವನೆಂದು ಜೋಲ್ಚುಬೆಕ್ ಅಂದರು.

ಹೆಸರೇನೋ ಬೆಳಗಾಗುವುದರೊಳಗೆ ಸಿಕ್ಕಿತು.
ಜನನ ನೋಂದಣಿಯ ಅರ್ಜಿಯಲ್ಲಿ
ನಾಲ್ಕನೆಯ ಕಲಂ ಖಾಲಿ ಉಳಿಯಿತು:
ಹುಟ್ಟಿದ ಸ್ಥಳ.

ನದಿಯ ನಡುಗೆರೆಯೇ ಎರಡು ಜಿಲ್ಲೆಗಳ ಗಡಿ.
ಯಾವ ನದಿ, ಯಾರ ನದಿ?
ಏಪ್ರಿಲಿನಲ್ಲಿ ಐದು ಇಲಾಖೆ ಒಂದು ಕೋಣೆಯಲ್ಲಿ ಕೂತೆವು,
ಒಂದೇ ಹೀಟರು, ಒಂದು ತಟ್ಟೆ ಬೋರ್ಸೊಕ್,
ಐದು ಪೆನ್‌ಡ್ರೈವ್, ಅದರಲ್ಲಿ ಒಂದಕ್ಕೆ ವೈರಸ್ಸು.
ಪದರದ ಮೇಲೆ ಪದರ ಹಾಸಿದೆ.
ಕಾರಾ-ಕೊಯ್ ನದಿ ಗೋಡೆಯ ಮೇಲೆ
ಬಿಚ್ಚಿದ ಜಡೆಯಂತೆ ಐದು ಎಳೆಯಾಯಿತು.

ಸೈನ್ಯದ ಹಳೆಯ ಹಾಳೆ
ಭೂಮಿಯ ದುಂಡನ್ನೇ ಬೇರೆ ಥರ ಊಹಿಸಿತ್ತು,
ಹಾಗಾಗಿ ಇಡೀ ಊರು ನೂರು ಹೆಜ್ಜೆ ಸರಿದು
ಮಸೀದಿ ನೀರಿನಲ್ಲಿ ನಿಂತಿತು,
ಶಾಲೆ ಗೋರಿಗಳ ಮೇಲೆ.
ಅರಣ್ಯದವರಿಗೆ ಅಲ್ಲಿ ಊರೇ ಇಲ್ಲ, ಬರೀ ಹಸಿರು.
ನೀರಾವರಿಯ ರಿಸ್ಪೆಕ್ ಮೇಜು ಗುದ್ದಿದ,
ನದಿ ನಮ್ಮದು, ನಾವು ಹೇಳಿದಲ್ಲಿ ಹರಿಯುತ್ತದೆ.
ಒಬ್ಬರು ಏರಿಗೆಳೆದರು, ಒಬ್ಬರು ನೀರಿಗೆ.
ತಾಳೆ ಹಾಕುವುದು ನನ್ನ ಕೆಲಸ. ಹದಿನೇಳು ವರ್ಷದಿಂದ.

ಬಾಗಿಲಲ್ಲಿ ಅರ್ಜಿ ಹಿಡಿದು ನಿಂತ ಅನಾರ್‌ಕುಲ್ ಅಜ್ಜಿ
ಗೋಡೆಯನ್ನು ತುಸು ಹೊತ್ತು ನೋಡಿ ಕೇಳಿದಳು:
ನಿಮ್ಮಲ್ಲಿ ಯಾರಾದರೂ
ಅಲ್ಲಿಗೆ ಹೋಗಿದ್ದೀರಾ?

ಹೀಟರು ಟಿಕ್ ಟಿಕ್ ಅಂದಿತು.

ಡೀಸೆಲ್ ಯಾರ ಲೆಕ್ಕಕ್ಕೆ ಎಂದು ಮುಕ್ಕಾಲು ಗಂಟೆ ವಾದಿಸಿ
ಒಂದೇ ಜೀಪಿನಲ್ಲಿ ಹೊರಟೆವು, ಮಂಡಿಗೆ ಮಂಡಿ ತಾಗಿಸಿ.
ದಿಬ್ಬದ ಮೇಲೆ ಅಜ್ಜಿ ಆಗಲೇ
ಏಳು ಕಲ್ಲು ಪೇರಿಸಿಟ್ಟಿದ್ದಳು.
ಮೇಲಿನ ಕಲ್ಲಿನ ಮೇಲೆ ಜಿಪಿಎಸ್ ಇಟ್ಟು ಕಾದೆವು.
ಉಪಗ್ರಹ ನಾಲ್ಕು. ಏಳು. ಹನ್ನೊಂದು.
ಯಾರೂ ಮಾತಾಡಲಿಲ್ಲ. ನೀರು ಮಾತ್ರ.
ಅಕ್ಷಾಂಶ ನಾನು ಗಟ್ಟಿಯಾಗಿ ಓದಿದೆ,
ಶಾಲೆಯ ಉಕ್ತಲೇಖನದ ಹಾಗೆ.
ಐದು ಡೈರಿ, ಐದು ಕೈಬರಹ,
ಒಂದೇ ಅಂಕಿ.

ಜೂನಿನಲ್ಲಿ ಹಿಮ ಕರಗಿದರೆ ಈ ದಿಬ್ಬವೇ ಇರಲ್ಲವಲ್ಲ,
ಮತ್ತೆ ನಾವು ಅಳೆದದ್ದೇನು, ಅಂದ ರಿಸ್ಪೆಕ್.
ನನಗೆ ಉತ್ತರ ಹೊಳೆಯಲಿಲ್ಲ. ಅಜ್ಜಿ
ಅವನ ಕೈಗೆ ಬೋರ್ಸೊಕ್ ತುರುಕಿದಳು.

ಸೇತುವೆ ಈಗಲೂ ಇದೆ ರಸ್ತೆ ಇಲಾಖೆಯಲ್ಲಿ;
ಅಳಿಸಲು ರಾಜಧಾನಿಯಿಂದ ಸಹಿ ಬರಬೇಕು.
ಪರದೆಯಲ್ಲಿ ಅಲ್ಲಿಗೊಂದು ಕೆಂಪು ಚುಕ್ಕಿ ಇಟ್ಟಿದ್ದೇನೆ,
ಯಾರ ಪದರಕ್ಕೂ ಸೇರದ್ದು,
ತೊಕ್ತೊಸುನ್ ನೋಡಲಿ ಅಂತ.

ನಾಲ್ಕನೆಯ ಕಲಂ ಚಿಕ್ಕದು.
ಅಂಚಿಗೆಲ್ಲ ಹಬ್ಬಿಸಿ ಚಕ್ಕುಬಂದಿ ಬರೆದೆ:
ಮೂಡಕ್ಕೆ ನೀರು,
ಪಡುವಕ್ಕೆ ನೀರು,
ತೆಂಕಕ್ಕೆ ಇಲ್ಲದ ಸೇತುವೆಯ ಎರಡು ಕಂಬ,
ಬಡಗಕ್ಕೆ ಗಾಡಿ ತಿರುಗಿದ ಗಾಲಿಯ ಗುರುತು,
ಮಾಸುತ್ತಿದೆ.